ಅಂದಾನಪ್ಪ ಸಂಗೀತ ಭವನದ ಹೊಸ ಬೋರ್ಡು

ಬೊಲೆರೊ ನನ್ನ ಸ್ಕೂಟಿಗೆ ಹತ್ತು ಅಡಿ ಹಿಂದಿತ್ತು.

ಹಾರ್ನ್ ಹೊಡೀತಿದ್ದಿಲ್ಲ. ನನಗ ಅಂಜಿಕಿ ಬಂದದ್ದು ಅದಕ್ಕ. ನಮ್ಮ ಕಡೆ ಹಾರ್ನ್ ಹೊಡೀಲಾರದ ಗಾಡಿ ಬೆನ್ನ ಹತ್ತೈತಿ ಅಂದ್ರ, ಅದಕ್ಕ ರಸ್ತೆ ಬೇಕಾಗಿಲ್ಲ, ನೀವು ಬೇಕಾಗೀರಿ ಅಂತ ತಿಳ್ಕೋಬೇಕು.

ಮುಂಡರಗಿ ರೋಡು. ಜನವರಿ ತಿಂಗಳ ಮಧ್ಯಾಹ್ನ, ಹನ್ನೆರಡೂವರಿ. ಒಂದ ಕಡೆ ಕಪ್ಪತಗುಡ್ಡ, ಇನ್ನೊಂದು ಕಡೆ ಎರಿ ಹೊಲ, ಎಲ್ಲಾ ಕಡೆ ತಿರುಗಾಕತ್ತಿದ್ದ, ಕರೆಂಟ್ ಮಾಡೋ ಗಾಳಿ ಫ್ಯಾನು. ಸ್ಕೂಟಿ ಎಪ್ಪತ್ತರಾಗ ಓಡಾಕತ್ತಿತ್ತು. ಅದಕ್ಕಿಂತ ಜೋರು ಅದು ಓಡಂಗಿಲ್ಲ, ಬೈದ್ರೂ ಓಡಂಗಿಲ್ಲ. ಬೈದು ನೋಡೇನಿ.

ಬೊಲೆರೊ ಕಿಡಕಿಯಿಂದ ಒಂದು ತಲಿ ಹೊರಗ ಬಂತು. ಸೋಮೇಶ. ಫ್ಯಾನ್ ಕಂಪನಿ ಸೆಕ್ಯೂರಿಟಿ. ಬೆಟಗೇರಿ ಗರಡಿಮನ್ಯಾಗ ಬೆಳೆದ ಮೈ.

"ಸೀಮಾ ಅಕ್ಕಾರ, ಜರಾ ನಿಲ್ರಿ."

"ಯಾಕ?"

"ನಿಮ್ಮನ್ನ ಹಳ್ಳಕ್ಕ ಕೆಡವಂತ ಹೇಳ್ಯಾರ್ರಿ. ನನಗ ಮನಸ್ಸಿಲ್ಲ. ನೀವಾಗೇ ನಿಂತ್ರ ಇಬ್ಬರಿಗೂ ಚೊಲೊ."

ನೋಡ್ರಿ, ನಮ್ಮ ಕಡೆ ಕೆಡವಾಕ ಬಂದಂವನೂ 'ರಿ' ಹಚ್ಚಿ ಮಾತಾಡ್ತಾನ.

"ಕೈಯಾಗಿದ್ದದ್ದು ಕೊಡ್ರಿ ಅಕ್ಕಾರ."

"ಕೈಯಾಗ ಹ್ಯಾಂಡಲ್ ಐತೋ. ಕೊಟ್ರ ಬೀಳ್ತೀನಿ."

ಅಂವ ಕೇಳಿದ್ದು ಹ್ಯಾಂಡಲ್ ಅಲ್ಲ. ನನ್ನ ಜಾಕೆಟ್ಟಿನ ಒಳಕಿಸೆದಾಗ ಇದ್ದ ಪೆನ್‌ಡ್ರೈವ್. ಹೆಬ್ಬೆರಳಿನಷ್ಟು ಉದ್ದ. ಅದರ ಸಲುವಾಗಿ ಎಂಟನೂರು ಕುರ್ಚಿಯ ಒಂದು ಸಂಗೀತ ಭವನ, ಒಬ್ಬ ಮುದುಕಿ, ಈಗ ನಾನು... ಎಲ್ಲಾರೂ ಹಳ್ಳದ ದಂಡಿಗೆ ಬಂದು ನಿಂತಿದ್ವಿ.

ತಡೀರಿ, ಮೊದಲ ನಾ ಯಾರು ಅಂತ ಹೇಳ್ತೀನಿ.

ನಾನು ಸೀಮಾ. ಗದಗ ಬಸ್‌ಸ್ಟ್ಯಾಂಡ್ ಎದುರು, ಫೋಟೋ ಸ್ಟುಡಿಯೊ ಮ್ಯಾಲೆ ಒಂದು ಖೋಲಿ. 'ಸೀಮಾ ಚೌಕಶಿ ಸೆಂಟರ್' ಅಂತ ಬೋರ್ಡು. ಮದುವಿ ಚೌಕಶಿ ನನ್ನ ದಂಧೆ. ಹುಡುಗ ಖರೇನ ಇಂಜಿನಿಯರ್ ಏನು, ಕುಡೀತಾನೇನು, ಮೊದಲ ಒಂದು ಮದುವಿ ಮಾಡ್ಕೊಂಡು ಮುಚ್ಚಿಟ್ಟಾನೇನು... ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಇಷ್ಟೂ ಕಡೆ ವರಗಳ ಬಂಡವಾಳ ನನ್ನ ಡೈರ್ಯಾಗ ಐತಿ. ನನ್ನ ಸ್ವಂತ ಗಂಡನ ಚೌಕಶಿ ಮಾಡೋದೊಂದು ಮರ್ತಿದ್ದೆ. ಅದಕ್ಕ ಮೂರು ವರ್ಷ ಕೋರ್ಟಿಗೆ ಅಡ್ಡಾಡಿ ಸೋಡಚೀಟಿ ತಗೊಂಡೆ.

ಹಿಂದಿನ ದಿನ ಮುಂಜಾನೆ ಸಾವಿತ್ರೆವ್ವ ನನ್ನ ಪಾವಟಿಗಿ ಹತ್ತಿ ಬಂದ್ಲು. ಎಪ್ಪತ್ತಾರು ವರ್ಷ. ಬೆಟಗೇರಿ ಸಂಗೀತ ಭವನದ ಹಿಂದ ಖಾನಾವಳಿ ನಡಸ್ತಾಳ. ಹಾಡವರು, ಬಾರಿಸವರು, ನಾಟಕದವರು, ಎಲ್ಲಾರೂ ಆಕಿ ರೊಟ್ಟಿ ತಿಂದ ಸ್ಟೇಜ್ ಹತ್ತಿದವರು. ನಾನೂ ಕೋರ್ಟಿಗೆ ಅಡ್ಡಾಡೋ ಕಾಲಕ್ಕ ಆಕಿ ಕೈ ಊಟ ಉಂಡ ಬದುಕೀನಿ.

"ಸೀಮಾ, ಬೋರ್ಡು ಕೀಳಾಕತ್ತಾರಬೇ."

"ಯಾವ ಬೋರ್ಡು ಯವ್ವಾ?"

"ನಮ್ಮವರ ಬೋರ್ಡು."

'ಅಂದಾನಪ್ಪ ಸಂಗೀತ ಭವನ.' ಅಂದಾನಪ್ಪ ಆಕಿ ಗಂಡ. ನಾಟಕ ಕಂಪನ್ಯಾಗ ಹಾರ್ಮೋನಿಯಂ ಬಾರಸ್ತಿದ್ದ. ಊರಾಗ ಹಾಡಾಕ ಒಂದು ಜಾಗ ಆಗ್ಬೇಕು ಅಂತ ಅನಕೋತನ ಸಣ್ಣ ವಯಸ್ಸಿನ್ಯಾಗ ಹೋದ. ತವರಮನಿಯವರು ಅರಿಷಿಣ ಕುಂಕುಮಕ್ಕ ಅಂತ ಕೊಟ್ಟಿದ್ದ ಜಾಗಾನ ಸಾವಿತ್ರೆವ್ವ ಭವನ ಕಟ್ಟಾಕ ಅಂತ ಒಂದು ಟ್ರಸ್ಟಿಗೆ ಬರಕೊಟ್ಲು. ಕಾಗದದಾಗ ಒಂದ ಕರಾರು. ಕಟ್ಟಡ ಬೇಕಾದ್ರ ಮಾರ್ರಿ, ಆದ್ರ ಹೆಸರು ತೆಗೀಬೇಕಂದ್ರ ಸಾವಿತ್ರೆವ್ವ ತನ್ನ ಬಾಯಿಲೆ ಒಪ್ಪಬೇಕು. ಒಪ್ಪಲಾರದ ತೆಗದ್ರ ಜಾಗ ಆಕಿಗೆ ವಾಪಸ್.

ಈಗ ಟ್ರಸ್ಟ್ ಅದನ್ನ ಮಾರಿತ್ತು. ತಗೊಂಡಂವರು ಝೋರಿಕ್ಸ್ ಪವರ್. ಗುಡ್ಡದ ತುಂಬ ಫ್ಯಾನ್ ನಿಂದ್ರಿಸಿದ ಕಂಪನಿ. ಹೊಸ ಹೆಸರು 'ಝೋರಿಕ್ಸ್ ಅರೆನಾ'.

"ಏಸಿ ಹಾಕ್ಲಿ, ಬಣ್ಣ ಹಚ್ಲಿ, ನನ್ನ ತಕರಾರಿಲ್ಲ," ಅಂದ್ಲು ಸಾವಿತ್ರೆವ್ವ. "ಅಷ್ಟು ದೊಡ್ಡ ಕಂಪನಿಗೆ ನಮ್ಮವರ ಹೆಸರು ಒಂದು ಭಾರ ಆತೇನು?"

"ನೀ ಒಪ್ಪಿಲ್ಲಲ್ಲ? ಮತ್ತೇನು?"

"ಲೋಹಿತ ಒಪ್ಪೀರಿ ಅಂತಾನ."

ಲೋಹಿತ ಅಂದ್ರ ಟ್ರಸ್ಟ್ ಸೆಕ್ರೆಟರಿ. ಆಕಿ ಮೈದುನನ ಮಗ. ಬುಧವಾರ ಫೋನಿನ್ಯಾಗ ಒಪ್ಪೀರಿ, ರೆಕಾರ್ಡ್ ಐತಿ, ನಾಳೆ ನಾಲ್ಕಕ್ಕ ಮೆಂಬರ್ ಮಂದಿ ಮುಂದ ಹಚ್ತೀನಿ ಅಂದಿದ್ದನಂತ. ನಾ ಒಪ್ಪೇ ಇಲ್ಲಪ್ಪಾ ಅಂತ ಈಕಿ ಅಂದ್ರ, ದೊಡ್ಡವ್ವಾ, ನೀವು ಮರ್ತೀರಿ ಅಂದನಂತ.

"ಅದರ ಎರಡು ದಿನ ಮೊದಲ, ಸೋಮವಾರ, ಹುಬ್ಬಳ್ಳಿಗೆ ಕರ್ಕೊಂಡು ಹೋಗಿದ್ದ. ಮೊಣಕಾಲು ತೋರ್ಸೋಣು ಅಂತ. ಸಣ್ಣ ಹುಡುಗ ಡಾಕ್ಟರು. ಮೊಣಕಾಲು ಮುಟ್ಟಲೇ ಇಲ್ಲ. ಇವತ್ತು ಯಾವ ವಾರ, ನೂರರಾಗ ಏಳು ಕಳೀರಿ... ಇಂಥಾವ ಕೇಳಿದ. ಎಲ್ಲಾ ಹೇಳಿದೆ. ಒಂದಕ್ಕ ಸುಮ್ನ ಕುಂತೆ."

"ಯಾವುದಕ್ಕ?"

"ಕೇಳಬಾರದ್ದು ಕೇಳಿದ."

ಹೆಂಗಸರ ಬ್ಯಾನಿ ಏನರ ಇರಬೇಕು ಅಂತ ನಾ ಮುಂದ ಕೇಳಲಿಲ್ಲ. ಅಲ್ಲೇ ನಾ ತಪ್ಪಿದೆ.

"ಆ ಡಾಕ್ಟರ್ ಚೀಟೀನೂ ನಾಳೆ ಓದ್ತಾನಂತ. ಮುದುಕಿ ಮರಗುಳಿ ಆಗ್ಯಾಳ ಅಂತ." ಖುರ್ಚಿ ಮುಂದಕ್ಕ ಜಗ್ಗಿ ಕುಂತ್ಲು. "ಸೀಮಾ, ಯಾವ ತಬಲಾದಂವ ಎಷ್ಟು ರೊಟ್ಟಿ ತಿಂತಾನ ಅಂತ ನನಗ ಇವತ್ತಿಗೂ ನೆನಪೈತಿ. ಮಂದಿ ಮುಂದ ಹುಚ್ಚಿ ಅನಿಸ್ಕೊಂಡು ನಾ ಇರಂಗಿಲ್ಲ. ಅವರ ಹೆಸರೂ ಹೋತು, ನನ್ನ ಮಾತೂ ಹೋತು ಅಂದ್ರ ಉಳಿಯೋದೇನು?"

ನಾ ಡೈರಿ ತೆರದೆ.

"ಲೋಹಿತನ ಮನ್ಯಾಗ ಯಾರೂ ಕೇಳಂಗಿಲ್ಲೇನು?"

"ಹೇಂತಿ ಶಿವರಂಜನಿ ಬಂಗಾರದಂಥಾಕಿ. ದಿನಾ ಫೋನ್ ಹಚ್ಚಿ, ಅತ್ತೀ, ಊಟ ಆತೇನ್ರಿ ಅಂತಾಳ. ಆಕಿ ಮಾತು ಇಂವ ಎಲ್ಲಿ ಕೇಳ್ತಾನ?"

"ಹಂಗಾದ್ರ ನಾ ಏನ್ ಮಾಡಲಿ ಯವ್ವಾ?"

"ಆ ರೆಕಾರ್ಡು ಕದ್ದು ತಾ."

ಇಷ್ಟು ಸೀದಾ ಕೆಲಸ ಹೇಳಿದ ಗಿರಾಕಿ ನನಗ ಆಕಿ ಒಬ್ಬಾಕಿನ ಸಿಕ್ಕದ್ದು.

ಮರುದಿನ ಹನ್ನೊಂದಕ್ಕ ನಾ ಮುಂಡರಗಿ ರೋಡಿನ ಕಂಪನಿ ಆಫೀಸಿನ ಮುಂದ ನಿಂತಿದ್ದೆ. ಲೋಹಿತ ಮುಂಜಾನಿಂದ ಅಲ್ಲೇ ಅದಾನ ಅಂತ ಖಬರ ಇತ್ತು. ಆ ಗೇಟಿನೊಳಗ ಯಾರನ್ನೂ ಬಿಡಂಗಿಲ್ಲ. ಪೇಪರಿನವರನ್ನ ಬಿಡಂಗಿಲ್ಲ, ಹೊಲದ ಮಾಲಕರನ್ನ ಬಿಡಂಗಿಲ್ಲ.

"ನಿಮ್ಮಲ್ಲೆ ಸರ್ವೆ ಇಂಜಿನಿಯರ್ ಒಬ್ಬಾಂವ ಅದಾನಲ್ಲ್ರಿ," ಅಂದೆ. "ಕನ್ಯಾದವರ ಕಡಿಂದ ಚೌಕಶಿಗೆ ಬಂದೇನಿ."

ಗೇಟ್ ತೆರೀತು. ಖುರ್ಚಿ ಬಂತು, ಚಹಾ ಬಂತು, ಒಗ್ಗರಣಿ ಚುರುಮುರಿ ಬಂತು. ನಮ್ಮ ಜಿಲ್ಲೆದಾಗ ಒಬ್ಬನ ಮದುವಿಗೆ ಅಡ್ಡ ಬರೋ ಧೈರ್ಯ ಯಾವ ಸೆಕ್ಯೂರಿಟಿಗೂ ಇಲ್ಲ. ಮೂರು ಮಂದಿ ಹುಡುಗನ ಬಗ್ಗೆ ಚೊಲೊ ಹೇಳಿದ್ರು. ನಾಲ್ಕನೇದಂವ ಕಿವ್ಯಾಗ ಬಂದು ಖರೆ ಹೇಳಿದ.

ಬಾಜೂ ಖೋಲಿ ಬಾಗಲಾ ಅರ್ಧ ತೆರದಿತ್ತು. ಒಳಗ ಲೋಹಿತ ಫೋನಿನ್ಯಾಗ ಇದ್ದ.

"ನಿನ್ನ ಕಡೆ ಕಾಪಿ ಉಳದಿಲ್ಲ ಹೌದಿಲ್ಲೋ? ನಾನೂ ಇಟ್ಟಿಲ್ಲ. ನಾಳೆ ಎಲ್ಲೆರ ಸಿಕ್ಕು ತಲಿನೋವು ಬ್ಯಾಡ. ಈ ಪೆನ್‌ಡ್ರೈವ್ ಒಂದ ಸಾಕು... ಏ, ದನಿ ಅಗದೀ ದೊಡ್ಡವ್ವಂದ. ಕೆಮ್ಮು ಸೈತ ಬಂದೈತಲೇ."

ತಿಳೀತು. ಈಗ ಯಾರ ದನೀನರ ತಾಸು ಅರ್ಧ ತಾಸು ಕೇಳಿಸಿದ್ರ, ಕಂಪ್ಯೂಟರ್ ಅದೇ ದನಿಲೆ ನೀವು ಹೇಳಿದ್ದು ಮಾತಾಡ್ತೈತಿ. ಫೋನಿನ ಆ ಕಡೆ ಇದ್ದಂವ ಇದನ್ನ ಮಾಡಿಕೊಟ್ಟಿದ್ದ.

ಲೋಹಿತ ಫೋನ್ ಕಿವಿಗೆ ಹಚ್ಕೊಂಡ ಹೊರಗ ಹೋದ. ಪೆನ್‌ಡ್ರೈವ್ ಟೇಬಲ್ ಮ್ಯಾಲೆ. ನಾ ಎದ್ದೆ. ನೀರು ಕುಡಿಯಾಕ ಹೋದಾಕಿ ಹಂಗ ಹೋದೆ, ಹಂಗ ಬಂದೆ. ಸ್ಕೂಟಿ ಗೇಟ್ ದಾಟೋದ್ರಾಗ ಹಿಂದ ಒದರೋದು ಕೇಳ್ತು.

ಈಗ ತಿಳೀತಲ್ಲ, ಬೊಲೆರೊ ಯಾಕ ಬೆನ್ನ ಹತ್ತಿತ್ತಂತ?

ಅದರ ಬಂಪರ್ ನನ್ನ ನಂಬರ್ ಪ್ಲೇಟ್ ಮುಟ್ಟಿತು. ಸ್ಕೂಟಿ ಅಳ್ಳಾಡಿತು. ಡೋಣಿ ಊರು ಇನ್ನೂ ಎರಡು ಕಿಲೋಮೀಟರ್...

ಮುಂದ ರಸ್ತೆ ತುಂಬ ಹುರಳಿ ಹಾಸಿದ್ರು.

ಈ ತಿಂಗಳದಾಗ ನಮ್ಮ ಕಡೆ ಡಾಂಬರ್ ರಸ್ತೆನ ಕಣ. ಕಿತ್ತ ಹುರಳಿ ಬಳ್ಳಿ ಮೊಣಕಾಲ ಮಟ ಹಾಸಿ ಬಿಡ್ತಾರ. ಹೋಗೋ ಬರೋ ಗಾಡಿ ತುಳದು ಕಾಳು ಉದುರಸ್ತಾವ. ದಂಡಿಗೆ ಒಂದು ಮೊಳ ಜಾಗ ಬಿಟ್ಟಿರ್ತಾರ, ಸೈಕಲ್ಲಿನವರ ಸಲುವಾಗಿ. ಗೊತ್ತಿದ್ದಂವರು ಬಳ್ಳಿ ಮ್ಯಾಲೆ ನಿಧಾನ ಹೋಗ್ತಾರ.

ನಾ ದಂಡಿ ಹಿಡದೆ. ಸೋಮೇಶ ನಡುವ ನುಗ್ಗಿಸಿದ, ಎಂಬತ್ತರಾಗ.

ಹುರಳಿ ಬಳ್ಳಿ ಗಾಲಿಗೆ ಸುತ್ತಿತು, ಆಕ್ಸಲಿಗೆ ಸುತ್ತಿತು. ಗರಗರ ಸಪ್ಪಳ... ಹೊಗಿ... ಬೊಲೆರೊ ಅಡ್ಡ ತಿರುಗಿ ನಿಂತ ಬಿಟ್ಟಿತು. ಕೈಯಾಗ ಕೋಲು ಹಿಡದ ಹನ್ನೊಂದು ಮಂದಿ ಹೆಂಗಸರು ಅದನ್ನ ಸುತ್ತುಗಟ್ಟಿದ್ರು.

"ಯಾವನಲೇ ಅದು? ಕಾಳೆಲ್ಲಾ ಮಂದಿ ಹೊಲಕ್ಕ ಹಾರಿಸಿದ್ಯಲ್ಲೋ. ಇಳಿ ಕೆಳಗ."

"ಅಕ್ಕಾರ, ನಾ ಡ್ಯೂಟಿ ಮ್ಯಾಲೆ..."

"ಮೊದಲ ಗಾಲ್ಯಾಗಿನ ಬಳ್ಳಿ ಬಿಡಿಸಿ ಕೊಡು. ಆಮ್ಯಾಲೆ ಮಾಡು ಡ್ಯೂಟಿ."

ಕನ್ನಡ್ಯಾಗ ನೋಡಿದೆ. ಆರು ಅಡಿ ಸೋಮೇಶ ಬೊಲೆರೊ ಬುಡಕ ತೆವಳಾಕತ್ತಿದ್ದ.

ಡೋಣ್ಯಾಗ ಮೆಹಬೂಬಿ ಅಂತ ನನ್ನ ಗೆಳತಿ ಅದಾಳ. ಹೊಲಿಗಿ ಕೆಲಸ. ಆಕಿ ಮಗಳ ವರನ ಚೌಕಶಿ ನಾನ ಮಾಡಿದ್ದೆ. ಆಕಿ ಗಂಡ ಮರ್ದಾನಸಾಬ ಟಾಟಾ ಏಸ್ ಹೊಡೀತಾನ. ಸ್ಕೂಟಿ ಅವರ ಹಿತ್ತಲ ಬಣವಿ ಹಿಂದ ಇಟ್ಟು ಒಳಗ ನುಗ್ಗಿದೆ.

"ಯಾರು ಬೆನ್ನ ಹತ್ಯಾರಬೇ?" ಅಂದ್ಲು ಮೆಹಬೂಬಿ. ಮಿಷಿನ್ ನಿಂದ್ರಿಸಲಿಲ್ಲ.

"ಟಿವಿಗೆ ಪೆನ್‌ಡ್ರೈವ್ ಹತ್ತೈತೇನು?"

"ಹತ್ತೈತಿ."

ಹಚ್ಚಿದೆ. ಒಂದು ಕೆಮ್ಮು. ಆಮ್ಯಾಲೆ ಸಾವಿತ್ರೆವ್ವನ ದನಿ, ಆಕಿನ ಮಗ್ಗಲಕ್ಕ ಕುಂತಂಗ.

"ನಾನು ಸಾವಿತ್ರೆವ್ವ ಮಾತಾಡಾಕತ್ತೇನಿ. ನನ್ನ ಗಂಡ ಅಂದಾನಪ್ಪ ಅವರ ಸಂಗೀತ ಭವನಕ್ಕ ಝೋರಿಕ್ಸ್ ಅರೆನಾ ಅಂತ ಹೆಸರಿಡಾಕ ನನ್ನ ಒಪ್ಪಿಗಿ ಐತಿ. ಅಂದಾನಪ್ಪ ಅವರು ಇದ್ದಿದ್ರ ಒಪ್ತಿದ್ರು. ಅಂದಾನಪ್ಪ ಅವರ ಹೆಸರು ನಮ್ಮ ಮನಸ್ಸಿನ್ಯಾಗ ಇದ್ರ ಸಾಕು..."

ಇದನ್ನ ಕೇಳಿದ್ರ ಹೆತ್ತ ಮಗಳೂ ನಂಬ್ತಾಳ. ಒಲಿ ಎಲ್ಲೈತಿ ಅಂತ ನೋಡಾಕತ್ತೆ, ಸುಟ್ಟು ಬಿಡೋಣು ಅಂತ.

ಮಿಷಿನ್ ಸಪ್ಪಳ ನಿಂತಿತ್ತು.

"ಮತ್ತೊಮ್ಮೆ ಹಚ್ಚು," ಅಂದ್ಲು ಮೆಹಬೂಬಿ.

ಹಚ್ಚಿದೆ. ಆಕಿ ಸೆರಗು ಬಾಯಿಗೆ ಹಿಡಕೊಂಡ್ಲು. ನಗಾಕತ್ಲು. ಕಣ್ಣಾಗ ನೀರು ಬರೋ ಮಟ ನಕ್ಲು.

"ಏನಾತಬೇ ನಿನಗ?"

"ಇದು ಯಾವ ಸಾವಿತ್ರೆವ್ವ? ಗಂಡನ ಹೆಸರು ಹಿಂಗ ಸರಾಗ ಹೇಳ್ತಾಳಲ್ಲ. ಒಂದಲ್ಲ, ಮೂರು ಸಲ."

"ಹೇಳಿದ್ರ ಏನಾತು?"

ಮೆಹಬೂಬಿ ನನ್ನ ಕಡೆ ಪಾಪ ಅನ್ನೋವಂಗ ನೋಡಿದ್ಲು. "ಸೋಡಚೀಟಿ ತಗೊಂಡಾಕಿಗೆ ಹೆಂಗ ತಿಳೀಬೇಕು? ಆ ವಯಸ್ಸಿನ ಹೆಂಗಸು ಗಂಡನ ಹೆಸರು ಬಾಯಾಗ ತರ್ತಾಳೇನು? ನಾನ ತರಂಗಿಲ್ಲ. ರೇಷನ್ ಕಾರ್ಡಿನ ಆಫೀಸಿನ್ಯಾಗ ಕೇಳಿದ್ರ ಬಾಜೂಕಿನಾಕಿ ಕಡಿಂದ ಹೇಳಿಸೇನಿ."

ಖರೆ. ನಾ ನನ್ನ ಹಳೆ ಗಂಡನ ಹೆಸರು ಕೋರ್ಟಿನ್ಯಾಗ ಹದಿನೇಳು ಸಲ ಹೇಳೇನಿ. ಹೊರಗ ಬಂದು ಇನ್ನೂ ನಾಲ್ಕು ಸಲ, ಬ್ಯಾರೆ ಬ್ಯಾರೆ ಶಬ್ದ ಕೂಡಿಸಿ. ನನ್ನ ಕಿವಿಗೆ ಅದು ಬೀಳದ ಹೋದ್ರ ಆಶ್ಚರ್ಯ ಏನಿಲ್ಲ. ಸಾವಿತ್ರೆವ್ವ ಯಾವತ್ತೂ 'ನಮ್ಮವರು'. ಆಟೋದವಂಗ ಸೈತ 'ಸಂಗೀತದ ಮನಿ' ಅಂತಾಳ, ಭವನದ ಪೂರಾ ಹೆಸರು ಅನ್ನಂಗಿಲ್ಲ. ಹಂಗಾದ್ರ ಆ ಡಾಕ್ಟರ್...

ಆಕಿಗೆ ಫೋನ್ ಹಚ್ಚಿದೆ.

"ಯವ್ವಾ, ಆ ಡಾಕ್ಟರ್ ನಿನ್ನ ಗಂಡನ ಹೆಸರು ಕೇಳಿದನೇನು?"

"ಮೂರು ಸಲ ಕೇಳಿದ, ಮಾನಗೇಡಿ."

"ನೀ ಹೇಳಲಿಲ್ಲ."

"ನಾ ಯಾಕ ಹೇಳಲಿ?"

ಫೋನ್ ಇಟ್ಟೆ. ಈಗ ನಾನೂ ನಗಾಕತ್ತೆ. ಲೋಹಿತ ಗಂಡಸು. ಆ ದನಿ ಮಾಡಿದಂವ ಗಂಡಸು. ಡಾಕ್ಟರ್ ಗಂಡಸು. ಟ್ರಸ್ಟಿನ ನಲವತ್ತು ಮೆಂಬರೂ ಗಂಡಸರು. ಈ ರೆಕಾರ್ಡನ್ನ ಕದೀಬಾರದಿತ್ತು. ಇದನ್ನ ತಿರುಗಿ ಕೊಡಬೇಕು. ಹಚ್ಚಸಬೇಕು. ಆದ್ರ ಆ ಹಾಲಿನ್ಯಾಗ ಹೆಂಗಸರು ಇರಬೇಕು.

"ನಿನ್ನ ಗಂಡ ಎಲ್ಲಿ?" ಅಂದೆ.

ಮೆಹಬೂಬಿ ಹಿತ್ತಲ ಕಡೆ ತಿರುಗಿದ್ಲು. "ಏನ್ರೀ... ಗಾಡಿ ತಗೀರಿ ಜಲ್ದಿ."

ನೋಡಿದ್ರಿಲ್ಲೋ? 'ಏನ್ರೀ.'

ನಾ ಸ್ಕೂಟಿ ಹತ್ತಿ ಬಂದ ದಾರೀಲೆ ತಿರುಗಿ ಹೋದೆ. ಸೋಮೇಶ ಇನ್ನೂ ಬಳ್ಳಿ ಜಗ್ಗಾಕತ್ತಿದ್ದ. ನನ್ನ ನೋಡಿ ಬಾಯಿ ತೆರದ.

"ತಗೋ," ಅಂತ ಪೆನ್‌ಡ್ರೈವ್ ಕೊಟ್ಟೆ.

"ಹಿಂಗ್ಯಾಕ್ರಿ?"

"ಅಂಜಿಕಿ ಬಂತು."

"ಏನರ ಅಳಿಸೀರಿ?"

"ಕೇಳಿ ನೋಡು."

ಬೊಲೆರೊದ ಟೇಪಿಗೆ ಹಚ್ಚಿದ. ರಸ್ತೆ ತುಂಬ ಸಾವಿತ್ರೆವ್ವನ ದನಿ. ಮೊದಲ 'ಅಂದಾನಪ್ಪ'ಕ್ಕ ಹುರಳಿ ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಎರಡನೇದಕ್ಕ ಒಬ್ಬಾಕಿ ಕೋಲು ಕೈ ಬಿಟ್ಲು. ಮೂರನೇದಕ್ಕ ಎಲ್ಲಾರ ಸೆರಗೂ ಬಾಯಿಗೆ ಹೋದ್ವು. ನಾ ಕಣ್ಣಿಲೆ ಸುಮ್ನಿರ್ರಿ ಅಂದೆ.

ಸೋಮೇಶ ತಲಿ ಅಲ್ಲಾಡಿಸಿದ. "ಬರೋಬರಿ ಐತಿ."

ಅವನ ಫೋನ್ ರಿಂಗ್ ಆತು. "ಸಿಕ್ಕಿತ್ರಿ, ಅಕ್ಕಾರೂ ಇಲ್ಲೇ ಅದಾರ" ಅಂತ ಸ್ಪೀಕರ್ ಮ್ಯಾಲೆ ಹಾಕಿದ. ಲೋಹಿತ.

"ಆಕಿ ಕೀಲಿ, ಫೋನ್ ಎರಡೂ ಕಸಕೋ. ಸೀಮಾ, ಕೇಳಾಕತ್ತೀಯಲ್ಲ? ನಾಲ್ಕಕ್ಕ ಬೆಟಗೇರ್ಯಾಗ ನಿನ್ನ ಮಾರಿ ಕಂಡ್ರ, ರಾತ್ರಿ ನಿನ್ನ ಆಫೀಸು ಇರಂಗಿಲ್ಲ. ನಿನ್ನ ಕೈನೂ ಇರಂಗಿಲ್ಲ."

ಸೋಮೇಶ ನನ್ನ ಕೈ ಹಿಂದ ತಿರುವಿದ. ಭುಜ ಕಟಕ್ ಅಂತು. ಕಣ್ಣಾಗ ನೀರು ಬಂತು, ಸುಳ್ಳ ಯಾಕ ಹೇಳಲಿ. ಕೀಲಿ ಹೋತು, ಫೋನ್ ಹೋತು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ."

"ಇಲ್ಲಪಾ. ಜಲ್ದಿ ಹೋಗು, ತಡ ಆಗ್ತೈತಿ."

ಬೊಲೆರೊ ಹೋತು. ಧೂಳು ಇಳದ ಮ್ಯಾಲೆ ಡೋಣಿ ಕಡಿಂದ ಟಾಟಾ ಏಸ್ ಬಂತು. ಮುಂದ ಮರ್ದಾನಸಾಬ, ಮಗ್ಗಲಕ್ಕ ಮೆಹಬೂಬಿ.

"ಬೆಟಗೇರಿಗೆ ಬರ್ತೀರೇನ್ರಿ?" ಅಂತ ಹುರಳಿ ಹೆಂಗಸರನ್ನ ಕೇಳಿದೆ. ನಡದದ್ದೆಲ್ಲಾ ನಾಲ್ಕು ಮಾತಿನ್ಯಾಗ ಹೇಳಿದೆ. ಮುದುಕೀನ ಹುಚ್ಚಿ ಅಂತ ಮಾಡಾಕ ಹೊಂಟಾರ ಅಂದೆ.

ಹಿರೇ ಹೆಂಗಸು ಕೋಲು ಹೊಲಕ್ಕ ಎಸದ್ಲು. "ಹುರಳಿ ನಾಳೆ ಆಗ್ತಾವ. ಏರ್ರಿ ಎಲ್ಲಾರೂ."

ಮೂರು ಐವತ್ತಕ್ಕ ಬೆಟಗೇರಿ. ಭವನದ ಮುಂದ ಕಂಪನಿ ಗಾಡಿಗಳು. ಮ್ಯಾಲೆ ಹೊಸ ಬೋರ್ಡು, ನೀಲಿ ಅರಿಬಿ ಮುಚ್ಚಿತ್ತು. ಹಳೆ ಬೋರ್ಡು ಕೆಳಗ ಗ್ವಾಡಿಗೆ ಆನಿಸಿ ಇಟ್ಟಿದ್ರು. ಗೇಟಿನ್ಯಾಗ ಸೋಮೇಶ. ನಾವು ಗೇಟಿಗೆ ಹೋಗಲೇ ಇಲ್ಲ. ಖಾನಾವಳಿಯಿಂದ ಸ್ಟೇಜಿಗೆ ಚಹಾ ಒಯ್ಯಾಕ ಒಂದು ಬಾಗಲಾ ಐತಿ. ಸಾವಿತ್ರೆವ್ವನ ಅಡಿಗಿ ಹೆಂಗಸರು ನಮ್ಮನ್ನ ಅಲ್ಲಿಂದ ಒಳಗ ಕರ್ಕೊಂಡು, ತಾವೂ ಬಂದ್ರು. ಹಿಂದಿನ ಎರಡು ಸಾಲು ತುಂಬಿತು.

ಮುಂದಿನ ಸಾಲಿನ್ಯಾಗ ಸಾವಿತ್ರೆವ್ವ, ಇಳಕಲ್ ಸೀರಿ ಉಟ್ಕೊಂಡು, ಒಬ್ಬಾಕಿನ. ಆಚಿ ತುದ್ಯಾಗ ಶಿವರಂಜನಿ, ಆರತಿ ತಾಟು ಹಿಡಕೊಂಡು. ಸ್ಟೇಜಿನ ಮ್ಯಾಲೆ ಲೋಹಿತ, ಬಾಜೂಕ ಕಂಪನಿಯ ಲಾಯರ್ ಮೇಡಂ, ಧಾರವಾಡದಾಕಿ. ಕಾಗದ ಬರೋಬರಿ ಇಲ್ಲದ ಸಹಿ ಮಾಡಂಗಿಲ್ಲ ಅನ್ನೋ ಮಾರಿ.

ಲೋಹಿತ ನನ್ನ ನೋಡಿದ. ಹಲ್ಲು ಕಡದ. ಅಷ್ಟು ಮಂದ್ಯಾಗ ಏನೂ ಮಾಡಾಕ ಆಗಲಿಲ್ಲ.

"ನಮ್ಮ ದೊಡ್ಡವ್ವ ಬುಧವಾರ ಒಪ್ಪಿದ್ರು," ಅಂತ ಸುರು ಮಾಡಿದ. "ಈಗ ಮರ್ತಾರ. ಪಾಪ, ವಯಸ್ಸು. ಸೋಮವಾರ ಡಾಕ್ಟರ್ ಕೊಟ್ಟ ಚೀಟಿ ಓದ್ತೀನಿ. 'ಇವರಿಗೆ ನೆನಪಿನ ಶಕ್ತಿ ತೀರಾ ಕುಂದಿದೆ. ಮೂರು ಸಲ ಕೇಳಿದರೂ ಗಂಡನ ಹೆಸರನ್ನು ಹೇಳಲು ಆಗಲಿಲ್ಲ.'"

ಗಂಡಸರು ಚ್‌ಚ್ ಅಂದ್ರು. ಸಾವಿತ್ರೆವ್ವ ತಲಿ ತಗ್ಗಿಸಿದ್ಲು.

"ಈಗ ಅವರ ಒಪ್ಪಿಗಿ ಕೇಳ್ರಿ."

ರೆಕಾರ್ಡ್ ಹಚ್ಚಿದ. ಆ ಹಾಲಿನ ಸ್ಪೀಕರ್ ಅಂದ್ರ ಏನ್ ಕೇಳ್ತೀರಿ? ಉಸಿರು ಸೈತ ಕೇಳಸ್ತೈತಿ. "ನನ್ನ ಗಂಡ ಅಂದಾನಪ್ಪ ಅವರ..."

ಹಿಂದಿನ ಸಾಲಿನ್ಯಾಗ ಒಬ್ಬಾಕಿ ಕಿಸಕ್ ಅಂದ್ಲು. ಆಮ್ಯಾಲೆ ಇನ್ನೊಬ್ಬಾಕಿ. ಮೂರನೇ 'ಅಂದಾನಪ್ಪ'ಕ್ಕ ಎರಡು ಸಾಲಿಗೆ ಎರಡು ಸಾಲೂ ಬಿದ್ದು ಬಿದ್ದು ನಗಾಕತ್ತಿತು.

"ಯಾಕ ನಗಾಕತ್ತೀರಿ?" ಅಂದ್ರು ಲಾಯರ್ ಮೇಡಂ.

ಮೆಹಬೂಬಿ ಎದ್ದ ನಿಂತ್ಲು. "ಮೇಡಂರ, ನಿಮ್ಮವ್ವ ನಿಮ್ಮಪ್ಪಾರ ಹೆಸರು ಹೇಳ್ತಾರೇನ್ರಿ?"

ಮೇಡಂ ಪೆನ್ನು ಕೆಳಗಿಟ್ರು. ಆಮ್ಯಾಲೆ ಸಾವಿತ್ರೆವ್ವನ್ನ ನೋಡಿದ್ರು, ಸ್ಪೀಕರ್ ನೋಡಿದ್ರು.

ಲೋಹಿತ ಒದರಿದ. "ಇದೆಲ್ಲಾ ಹಳೆ ಕಾಲದ ಮಾತ್ರಿ. ಇದು ಪುರಾವೆ ಏನು?"

"ಅಲ್ಲ," ಅಂತ ನಾ ಎದ್ದೆ. ಭುಜ ಇನ್ನೂ ನೋಯಿಸ್ತಿತ್ತು. "ಪುರಾವೆ ನೀನ ಕೊಟ್ಟಿ. ಸೋಮವಾರ ಗಂಡನ ಹೆಸರ ನೆನಪಿಲ್ಲ ಅಂತ ಡಾಕ್ಟರ್ ಚೀಟಿ. ಬುಧವಾರ ಅದೇ ಹೆಸರು ಸರಾಗ ಮೂರು ಸಲ. ಯಾವುದು ಖರೆ, ಲೋಹಿತ?"

ಅಂವ ಚೀಟಿ ಮಡಚಿ ಕಿಸೆದಾಗ ಇಟ್ಕೊಳ್ಳಾಕ ನೋಡಿದ.

ಮೇಡಂ ಮೆಲ್ಲಗ ಹೇಳಿದ್ರು. "ಚೀಟಿ ಖರೆ ಆದ್ರ ನೆನಪಿಲ್ಲದವರ ಒಪ್ಪಿಗಿ ನಡಿಯಂಗಿಲ್ಲ. ಚೀಟಿ ಸುಳ್ಳಾದ್ರ ಅವರು ಇಲ್ಲೇ ಅದಾರ, ಅವರನ್ನ ಕೇಳಬೇಕು. ಚೀಟಿ, ರೆಕಾರ್ಡು ಎರಡೂ ನೀವ ಕೊಟ್ಟೀರಿ." ಸಾವಿತ್ರೆವ್ವನ ಕಡೆ ತಿರುಗಿದ್ರು. "ಅಮ್ಮಾರ, ನಿಮ್ಮ ಒಪ್ಪಿಗಿ ಐತೇನ್ರಿ?"

"ಇಲ್ಲ."

"ಬೋರ್ಡಿನ ಮ್ಯಾಲೆ ಯಾರ ಹೆಸರು ಇರಬೇಕ್ರಿ?"

ಸಾವಿತ್ರೆವ್ವ ಎದ್ದ ನಿಂತ್ಲು. ತಲಿ ಮ್ಯಾಲೆ ಸೆರಗು ಹೊತ್ಕೊಂಡ್ಲು. ಮಾರಿ ಕೆಂಪಗಾಗಿತ್ತು. ಹಿಂದ ತಿರುಗಿ ಹೆಂಗಸರ ಕಡೆ ನೋಡಿದ್ಲು, ಅಷ್ಟ.

"ಅಂದಾನಪ್ಪ," ಅಂದ್ರು ಎಲ್ಲಾ ಹೆಂಗಸರೂ ಕೂಡಿ.

ನಾನೂ ಅಂದೆ. ನನಗ ಅಳು ಬಂತು, ಅದನ್ನೂ ಹೇಳಿಬಿಡ್ತೀನಿ.

ತಾಟು ಕೆಳಗಿಟ್ಟ ಸಪ್ಪಳಾತು. ಶಿವರಂಜನಿ ಸಾವಿತ್ರೆವ್ವನ ಮುಂದ ಬಂದು ನಿಂತಿದ್ಲು.

"ಆ ದನಿ ನನ್ನ ಫೋನಿಂದ ಹೋಗೈತ್ರಿ ಅತ್ತಿ," ಅಂದ್ಲು. "ಎರಡು ತಿಂಗಳಾತು, ನೀವು ಮಾತಾಡಿದ್ದೆಲ್ಲಾ ರೆಕಾರ್ಡ್ ಆಗೋವಂಗ ಇವರು ಇಟ್ಟಿದ್ರು. ಯಾಕ್ರಿ ಅಂದ್ರ, ದೊಡ್ಡವ್ವ ಹೇಳೋ ಅಡಿಗಿ ಮರೀಬಾರದು ಅಂದ್ರು. ನನಗ ಗೊತ್ತಿದ್ದಿಲ್ರಿ. ಊಟ ಆತೇನು ಅಂತ ನಾ ಕೇಳಿದ್ದು ಖರೇನ್ರಿ ಅತ್ತಿ..."

ಸಾವಿತ್ರೆವ್ವ ಆಕಿ ಗದ್ದ ಹಿಡದು ಎತ್ತಿದ್ಲು. "ಗೊತ್ತೈತಬೇ ನನಗ."

ಲೋಹಿತ ಹಿಂದಿನ ಬಾಗಲಾ ಹಿಡದ. ಖಾನಾವಳಿ ಒಳಗ ಎರಡು ಹೆಜ್ಜಿ ಹೋಗಿರಬೇಕು. ಅಲ್ಲೆ ಮರ್ದಾನಸಾಬ ಬುಟ್ಟ್ಯಾಗಿನ ರೊಟ್ಟಿ ತಿನ್ನಕೋತ ಅಡ್ಡ ಕುಂತಿದ್ದ. ಎದ್ದೇಳಲಿಲ್ಲ. ಕಾಲು ಚಾಚಿದ, ಸಾಕಾತು.

ಸೋಮೇಶ ಓಡಿ ಬಂದು ಬಿದ್ದಂವನ್ನ ನೋಡಿದ, ನನ್ನ ನೋಡಿದ. ಕಿಸೆಯಿಂದ ಕೀಲಿ, ಫೋನ್ ತಗದು ನನ್ನ ಕೈಯಾಗ ಇಟ್ಟ.

"ಭುಜ ಹೆಂಗೈತ್ರಿ ಅಕ್ಕಾರ?"

"ನೋಯಿಸ್ತೈತಿ."

"ತಪ್ಪಾತ್ರಿ. ಎಣ್ಣಿ ತಿಕ್ರಿ."

ಸಂಜಿ ಆರಕ್ಕ ಹಳೆ ಬೋರ್ಡು ಮ್ಯಾಲೆ ಹತ್ತಿತು. ಏರಸಿದಂವ ಸೋಮೇಶ. ಆರೂವರಿಗೆ ನಾವೆಲ್ಲಾ ಪೊಲೀಸ್ ಠಾಣೆದಾಗ. ಲೋಹಿತ ಮೂಲ್ಯಾಗಿನ ಬೆಂಚಿನ ಮ್ಯಾಲೆ ಕುಂತು ಹೇಂತಿ ಕಡೆನ ನೋಡಾಕತ್ತಿದ್ದ. ದನಿ ಎಲ್ಲಿಂದ ಹೋತು ಅಂತ ಹೇಳಾಕ ಆಕಿ ಒಬ್ಬಾಕಿನ ಸಾಕ್ಷಿ. ಆಕಿ ಹೇಳಂಗಿಲ್ಲ ಅನ್ನೋ ಧೈರ್ಯ ಅವನ ಮಾರಿ ಮ್ಯಾಲೆ ಇನ್ನೂ ಇತ್ತು. ಹತ್ತು ವರ್ಷ ಸಂಸಾರ ಮಾಡ್ಯಾನ, ಎದುರು ಮಾತು ಕೇಳಿಲ್ಲ.

ಬರೆಯೋ ಪೊಲೀಸಪ್ಪ ಕಾಗದ ತಗದ.

"ಹೆಸರು?"

"ಶಿವರಂಜನಿ."

"ಗಂಡನ ಹೆಸರು?"

ಶಿವರಂಜನಿ ತಲಿ ತಗ್ಗಿಸಿದ್ಲು. ಲೋಹಿತ ಸಣ್ಣಗ ನಕ್ಕ. ಬಾಜೂಕಿನ ಖುರ್ಚ್ಯಾಗ ಕುಂತಿದ್ದ ಸಾವಿತ್ರೆವ್ವ, ರೂಢಿ ಪ್ರಕಾರ, ಆಕಿ ಪರವಾಗಿ ಹೇಳಾಕ ಬಾಯಿ ತೆರದ್ಲು.

ಶಿವರಂಜನಿ ಕೈ ಎತ್ತಿ ತಡದ್ಲು.

"ನಾನ ಹೇಳ್ತೀನಿ ಬಿಡ್ರಿ ಅತ್ತಿ." ತಲಿ ಎತ್ತಿ ಸೀದಾ ಗಂಡನ ಮಾರಿ ನೋಡಿದ್ಲು. "ಲೋಹಿತ. ಬರ್ಕೊಳ್ರಿ ಸಾಹೇಬ್ರ... ಅಕ್ಷರ ಜರಾ ದೊಡ್ಡವು ಇರ್ಲಿ."